ಪೆಡಲ್ ಮೆತ್ತಗಿದ್ದರೆ ಗಾಡಿ ಅಂಗಳ ದಾಟಬಾರದು

ಅಳಿಯಾ, ನಿನ್ನೆ ರಾತ್ರಿ ಕುರುಗೋಡಿನಿಂದ ಫೋನ್ ಮಾಡಿದ್ದೆಯಲ್ಲ. "ಮಾಮಾ, ಮುಂದಿನ ಪ್ಯಾಡ್ ಹೊಸವು ಹಾಕಿದೆ, ಹಿಂದಿನ ಶೂ ಬದಲಾಯಿಸಿದೆ, ಹೊಸ ಬ್ರೇಕ್ ಆಯಿಲ್ ತುಂಬಿದೆ, ಆದರೂ ಪೆಡಲ್ ಮೆತ್ತಗೆ ಕೆಳಗೆ ಹೋಗ್ತದೆ. ನಾಳೆ ಸಿರುಗುಪ್ಪಕ್ಕೆ ಹೋಗೋದಿದೆ. ಓಡಿಸ್ತಾ ಓಡಿಸ್ತಾ ಸರಿಹೋಗ್ತದಾ?" ಅಂತ ಕೇಳಿದೆ. ಹೋಗಬೇಡ, ಬಸ್ಸು ಹಿಡಿ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಸತ್ಯನಾರಾಯಣಪೇಟೆಯ ಈ ಮನೆಯ ಕಟ್ಟೆಯ ಮೇಲೆ ಕೂತು, ಗೊತ್ತಿರುವುದನ್ನೆಲ್ಲ ಬರೆದು ಕಳಿಸುತ್ತಿದ್ದೇನೆ. ಕೈಗೆ ಎಣ್ಣೆ ಮೆತ್ತಿಕೊಳ್ಳುವ ಮೊದಲು ಒಂದು ಸಲ ಪೂರಾ ಓದು.

• ಓಡಿಸುತ್ತಾ ಸರಿಹೋಗುವುದು ಹಿಡಿತ ಮಾತ್ರ, ಪೆಡಲ್ ಅಲ್ಲ. ಹೊಸ ಪ್ಯಾಡ್ ಹಳೆಯ ಡಿಸ್ಕಿನ ಮೇಲೆ ಕೂತು ಸವೆದು ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಬ್ರೇಕ್ ಸ್ವಲ್ಪ ಮಂದ ಅನ್ನಿಸಬಹುದು. ಅದು ಸಹಜ. ಆಗಲೂ ಪೆಡಲ್ ಮಾತ್ರ ಕಾಲಿಗೆ ಗಟ್ಟಿಯಾಗಿಯೇ ಸಿಗಬೇಕು. "ನಾಲ್ಕು ದಿನ ಓಡಿಸಿ, ಸೆಟ್ ಆಗ್ತದೆ" ಎಂದು ಒಂದು ಗ್ಯಾರೇಜಿನವರು ಹೇಳಿ ಕಳಿಸಿದ ಗಾಡಿಯೊಂದು ಸಿರುಗುಪ್ಪ ರಸ್ತೆಯಲ್ಲಿ ಭತ್ತದ ರಾಶಿಗೆ ನುಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಗ್ಗಿಯಲ್ಲಿ ಅರ್ಧ ರಸ್ತೆ ಭತ್ತ ಒಣಹಾಕಿರುತ್ತಾರೆ, ಹೆಣ್ಣುಮಕ್ಕಳು ಅಲ್ಲೇ ಕೂತು ಕೇರುತ್ತಿರುತ್ತಾರೆ. ಅವತ್ತು ಅವರು ಊಟಕ್ಕೆ ಮರದ ನೆರಳಿಗೆ ಹೋಗಿದ್ದರು, ಉಳಿದುಕೊಂಡರು. "ಸೆಟ್ ಆಗ್ತದೆ" ಎಂಬ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

• ಪಾನಾ ಹಿಡಿಯುವ ಮೊದಲು ಪೆಡಲ್ ಏನು ಹೇಳುತ್ತಿದೆ ಎಂದು ಕಾಲಿನಿಂದ ತಿಳಿದುಕೋ. "ಮೆತ್ತಗಿದೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ.

ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ ಒತ್ತಿದಷ್ಟೂ ಸ್ಪಂಜಿನಂತೆ ಕುಗ್ಗಿ, ಬಿಟ್ಟರೆ ಪುಟಿಯುತ್ತಿದ್ದರೆ ಲೈನಿನಲ್ಲಿ ಗಾಳಿ ಇದೆ. ಎರಡು ಮೂರು ಸಲ ಪಂಪ್ ಮಾಡಿದರೆ ಪೆಡಲ್ ಮೇಲೆ ಬಂದರೂ ಆ ಪುಟಿತ ಹೋಗುವುದಿಲ್ಲ.

ಮೊದಲ ಒತ್ತಿಗೆ ತುಂಬ ಕೆಳಗೆ ಹೋಗಿ ಅಲ್ಲಿ ಕಲ್ಲಿನ ಹಾಗೆ ನಿಂತರೆ, ಮತ್ತೆರಡು ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ಸಿಕ್ಕರೆ, ಅದು ಗಾಳಿಯಲ್ಲ. ಎಲ್ಲೋ ಸಂದು ಜಾಸ್ತಿ ಇದೆ. ಹಿಂದಿನ ಶೂ ಡ್ರಮ್ಮಿನಿಂದ ದೂರ ಕೂತಿರುತ್ತದೆ, ಇಲ್ಲವೇ ಮುಂದಿನ ಪ್ಯಾಡ್ ಇನ್ನೂ ಡಿಸ್ಕಿಗೆ ಬಂದು ಮುಟ್ಟಿರುವುದಿಲ್ಲ.

ಮೂರನೆಯದು ಕೆಟ್ಟದ್ದು. ಪೆಡಲ್ ಒತ್ತಿ ಒಂದೇ ಭಾರದಲ್ಲಿ ಅರ್ಧ ನಿಮಿಷ ಹಿಡಿದುಕೋ. ಕಾಲಿನ ಕೆಳಗೆ ಮೆಲ್ಲಮೆಲ್ಲಗೆ ಜಾರಿ ನೆಲಕ್ಕೆ ಇಳಿದರೆ ಆಯಿಲ್ ಎಲ್ಲೋ ಹೋಗುತ್ತಿದೆ. ಹೊರಗೆ ಸೋರಿದ್ದರೆ ಚಕ್ರದ ಒಳಮೈ, ಹೋಸ್ ಪೈಪಿನ ಸಂದು, ಡ್ರಮ್ಮಿನ ಹಿಂದಿನ ತಟ್ಟೆ ಒದ್ದೆಯಾಗಿರುತ್ತದೆ. ಎಲ್ಲವೂ ಒಣಗಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಎಂದೇ ತಿಳಿ.

• ಈ ಪರೀಕ್ಷೆಯನ್ನು ಮೊದಲು ಇಂಜಿನ್ ಆರಿಸಿ ಮಾಡು. ಐದಾರು ಸಲ ಒತ್ತಿ ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲ್ ಒತ್ತಿ ಹಿಡಿದೇ ಇಂಜಿನ್ ಚಾಲೂ ಮಾಡಿದರೆ ಅದು ಸ್ವಲ್ಪ ಕೆಳಗಿಳಿದು ನಿಲ್ಲಬೇಕು. ಅಷ್ಟು ಇಳಿಯುವುದು ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬ ಗುರುತು, ಅದಕ್ಕೆ ಹೆದರಬೇಡ. ಇಂಜಿನ್ ಚಾಲೂ ಇದ್ದಾಗ ಪೆಡಲ್ ಸ್ವಲ್ಪ ಹಗುರ ಅನ್ನಿಸುವುದೂ ಸರಿಯೇ.

• ನಿನ್ನೆಯವರೆಗೆ ಸರಿಯಿದ್ದ ಬ್ರೇಕು ಕೆಲಸ ಮಾಡಿದ ಮೇಲೆ ಕೆಟ್ಟಿದೆ ಅಂದರೆ, ತಪ್ಪು ನೀನು ಕೈಯಿಟ್ಟ ಜಾಗದಲ್ಲಿಯೇ ಇರುವ ಸಂಭವ ಹೆಚ್ಚು. ಮಾಸ್ಟರ್ ಸಿಲಿಂಡರ್, ಬೂಸ್ಟರ್ ಎಂದು ದೊಡ್ಡ ಖರ್ಚಿನ ಮಾತಿಗೆ ಹೋಗುವ ಮೊದಲು ನೀನು ಬಿಚ್ಚಿದ ಪ್ರತಿ ಬೋಲ್ಟನ್ನು ಬಿಚ್ಚಿದ ಕ್ರಮದಲ್ಲೇ ಮತ್ತೆ ನೋಡು.

• ಪ್ಯಾಡ್ ಹಾಕಲು ಕ್ಯಾಲಿಪರಿನ ಪಿಸ್ಟನ್ ಒಳಗೆ ತಳ್ಳಿರುತ್ತೀಯ. ಗಾಡಿ ಕದಲಿಸುವ ಮೊದಲು ಅದು ಮತ್ತೆ ಹೊರಗೆ ಬಂದು ಪ್ಯಾಡನ್ನು ಡಿಸ್ಕಿಗೆ ತಾಗಿಸಬೇಕು. ಅದಕ್ಕೆ ಪೆಡಲನ್ನು ಮೆಲ್ಲಗೆ ಹತ್ತಿಪ್ಪತ್ತು ಸಲ ಒತ್ತಬೇಕು. ಮರೆತು ಗೇರ್ ಹಾಕಿದರೆ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ಎದುರು ಮನೆಯ ಗೋಡೆ ಮುಟ್ಟುತ್ತದೆ. ನಮ್ಮ ಎಸ್.ಎನ್. ಪೇಟೆಯಂಥ ಇಕ್ಕಟ್ಟಿನ ಓಣಿಗಳಲ್ಲಿ ಇದು ಆಗಿದೆ.

• ಪ್ಯಾಡ್ ಸಪಾಟಾಗಿ ಕೂತಿದೆಯೇ ನೋಡು. ಅದು ಕೂರುವ ಜಾಗದಲ್ಲಿ ತುಕ್ಕು ಗಟ್ಟಿಯಾಗಿದ್ದರೆ, ಹಿಂದಿನ ತಗಡು ಮಡಚಿದ್ದರೆ, ಹಳೆಯ ತಗಡಿನ ಮೇಲೆ ಹೊಸ ತಗಡು ಸೇರಿಸಿದ್ದರೆ, ಒತ್ತಿದಾಗ ಪ್ಯಾಡ್ ಸ್ಪ್ರಿಂಗಿನ ಹಾಗೆ ಬಾಗುತ್ತದೆ. ಆಗ ಎಷ್ಟು ಏರ್ ತೆಗೆದರೂ ಪೆಡಲ್ ಸ್ಪಂಜೇ. ವೈರ್ ಬ್ರಷ್ ಹಿಡಿದು ಉಜ್ಜಿ, ಪ್ಯಾಡ್ ಕೈಯಲ್ಲಿ ಸರಾಗವಾಗಿ ಜಾರುವಂತೆ ಮಾಡು.

• ಹಿಂದಿನ ಶೂ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾನು ಕೈ ಪಳಗಿಸಿಕೊಂಡ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇರುತ್ತಿತ್ತು, ಆದ್ದರಿಂದ ಶೂ ಅಡ್ಜಸ್ಟ್ ಮಾಡುವುದು ನಮಗೆ ಮೊದಲ ಪಾಠ. ಇವತ್ತಿನ ಹುಡುಗರು "ತಾನಾಗೇ ಅಡ್ಜಸ್ಟ್ ಆಗ್ತದೆ" ಎಂದು ಡ್ರಮ್ ಮುಚ್ಚಿಬಿಡುತ್ತಾರೆ. ತಾನಾಗೇ ಆಗುವ ವ್ಯವಸ್ಥೆ ಸವೆತವನ್ನು ತುಂಬಿಕೊಳ್ಳಲು ಇರುವುದು. ಶುರುವಿನ ಸಂದನ್ನು ನೀನೇ ಕೂಡಿಸಿಕೊಡಬೇಕು.

ಪರೀಕ್ಷೆ ಸುಲಭ. ಹ್ಯಾಂಡ್‌ಬ್ರೇಕನ್ನು ಮೂರ್ನಾಲ್ಕು ಹಲ್ಲು ಎಳೆದಿಟ್ಟು ಪೆಡಲ್ ಒತ್ತು. ಈಗ ಪೆಡಲ್ ಮೇಲೆಯೇ ಸಿಕ್ಕರೆ ತಪ್ಪು ಹಿಂದಿನ ಶೂದೇ. ಡ್ರಮ್ ಬಿಚ್ಚಿ, ಅಡ್ಜಸ್ಟರಿನ ಹಲ್ಲುಚಕ್ರ ತಿರುಗಿಸಿ ಶೂ ಅಗಲಿಸು. ಡ್ರಮ್ ಕೂರಿಸಿ ತಿರುಗಿಸಿದಾಗ ಸಣ್ಣಗೆ ಉಜ್ಜುವ ಸದ್ದು ಕೇಳಬೇಕು, ಆದರೆ ಕೈಗೆ ಸರಾಗ ತಿರುಗಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ. ಮೊದಲೇ ಕೇಬಲ್ ಬಿಗಿದರೆ ಶೂ ತನ್ನ ಜಾಗಕ್ಕೆ ಬರುವುದೇ ಇಲ್ಲ.

ಇನ್ನೊಂದು: ಎಡಗಡೆ ಅಡ್ಜಸ್ಟರಿಗೂ ಬಲಗಡೆಯದಕ್ಕೂ ಎಷ್ಟೋ ಗಾಡಿಗಳಲ್ಲಿ ತಿರುಪಿನ ಮರೆ ಉಲ್ಟಾ ಇರುತ್ತದೆ. ಅದಲುಬದಲಾದರೆ ಬಿಗಿಯಾಗಬೇಕಾದದ್ದು ಸಡಿಲವಾಗುತ್ತ ಹೋಗುತ್ತದೆ. ಆದ್ದರಿಂದ ಎರಡೂ ಡ್ರಮ್ಮನ್ನು ಒಟ್ಟಿಗೆ ಬಿಚ್ಚಬೇಡ. ಒಂದು ಮುಗಿಯುವವರೆಗೆ ಇನ್ನೊಂದು ಹಾಗೆಯೇ ಇರಲಿ, ಅದೇ ನಿನ್ನ ನಕ್ಷೆ.

• ಕ್ಯಾಲಿಪರ್ ಪೂರಾ ಬಿಚ್ಚಿದ್ದೆಯಾ? ಹಾಗಿದ್ದರೆ ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆ ಇದೆಯೇ ಎಂದು ಈಗಲೇ ಬಗ್ಗಿ ನೋಡು. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಗಾಡಿಯ ಎರಡೂ ಮುಂದಿನ ಕ್ಯಾಲಿಪರ್ ಬಿಚ್ಚಿ, ತೊಳೆದು, ಹಾಕಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ಏರ್ ತೆಗೆದೆ. ಎರಡು ಬಾಟಲಿ ಆಯಿಲ್ ಖಾಲಿಯಾಯಿತು, ಪೆಡಲ್ ಗಟ್ಟಿಯಾಗಲಿಲ್ಲ. ಕತ್ತಲಾಗುವಾಗ ಉಸ್ತಾದರು ಬಂದು, ಟಾರ್ಚ್ ಹಿಡಿದು, ಏನೂ ಬೈಯದೆ ನನ್ನ ಎಡಗೈ ಬಲಗಡೆಗೆ, ಬಲಗೈ ಎಡಗಡೆಗೆ ಇಟ್ಟು ತೋರಿಸಿದರು. ಎಡಬಲ ಅದಲುಬದಲಾಗಿತ್ತು, ನಿಪ್ಪಲ್ ಕೆಳಗಡೆ ಹೋಗಿತ್ತು. ಗಾಳಿ ಯಾವಾಗಲೂ ಮೇಲಕ್ಕೇ ಏರುತ್ತದೆ. ಬಾಗಿಲು ಕೆಳಗಿದ್ದರೆ ಅದು ಹೊರಗೆ ಬರುವುದು ಹೇಗೆ? ಬದಲಾಯಿಸಿ ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಪೆಡಲ್ ಕಟ್ಟಿಗೆಯಂತೆ ನಿಂತಿತು.

• ಏರ್ ತೆಗೆಯುವುದು ಇಬ್ಬರ ಕೆಲಸ. ಪೆಡಲ್ ಮೇಲೆ ಕೂರುವವರು ಮಾತು ಕೇಳುವವರಾಗಿರಬೇಕು. ನಿಮ್ಮಮ್ಮನನ್ನು ಕೂರಿಸು, ಅವಳಿಗೆ ತಾಳ್ಮೆ ಇದೆ.

ನಿಪ್ಪಲಿಗೆ ಕಾಣುವಂಥ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. "ಒತ್ತು" ಅಂದಾಗ ಮೆಲ್ಲಗೆ ಒತ್ತಿ ಹಿಡಿಯಬೇಕು. "ಹಿಡಿದೆ" ಎಂದ ಮೇಲೆ ನೀನು ನಿಪ್ಪಲ್ ಕಾಲು ಸುತ್ತು ಬಿಚ್ಚು. ಗುಳ್ಳೆ ಬರುತ್ತದೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ "ಬಿಡು" ಅನ್ನು. ಮುಚ್ಚುವ ಮೊದಲು ಕಾಲು ತೆಗೆದರೆ ಬಂದ ಗಾಳಿ ವಾಪಸು ಒಳಗೆ ಹೋಗುತ್ತದೆ. ಜೋರು ಜೋರಾಗಿ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ಮಜ್ಜಿಗೆ ಕಡೆದಂತೆ ನೊರೆಯಾಗುತ್ತದೆ, ಆಮೇಲೆ ಅದನ್ನು ತೆಗೆಯಲು ಒಂದು ರಾತ್ರಿ ಕಾಯಬೇಕು.

ನಮ್ಮ ಗಾಡಿಗಳಲ್ಲಿ ಡ್ರೈವರ್ ಬಲಗಡೆ, ಮಾಸ್ಟರ್ ಸಿಲಿಂಡರೂ ಬಲಗಡೆ. ಅದಕ್ಕೇ ಅತಿ ದೂರದ ಎಡ ಹಿಂದಿನ ಚಕ್ರದಿಂದ ಶುರು ಮಾಡಿ, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು ಎಂಬುದು ಹಳೆಯ ರೂಢಿ. ಒಂದು ಮುಂದಿನ ಚಕ್ರಕ್ಕೂ ಅದರ ಎದುರು ಮೂಲೆಯ ಹಿಂದಿನ ಚಕ್ರಕ್ಕೂ ಜೋಡಿ ಲೈನ್ ಕೊಟ್ಟ ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು, ಗಾಡಿಯ ಪುಸ್ತಕ ನೋಡು. ಪ್ರತಿ ಐದಾರು ಒತ್ತಿಗೊಮ್ಮೆ ಬಾನೆಟ್ ಕೆಳಗಿನ ಆಯಿಲ್ ಡಬ್ಬಿ ನೋಡುತ್ತಿರು. ಅದು ಒಮ್ಮೆ ಬರಿದಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ, ಮೊದಲಿನಿಂದ ಶುರು.

ಇಷ್ಟೊಂದು ಯಾಕೆ ಅಂತೀಯ? ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಮುಟ್ಟುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲಿ ತೋರಿಸಿಕೊಟ್ಟ. ಆ ಒಂದು ನಿಯಮದ ಮೇಲೆ ನಿನ್ನ ಬ್ರೇಕು ನಿಂತಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಡಲೆಕಾಳಿನಷ್ಟು ಗಾಳಿ ಸಾಕು, ನಿನ್ನ ಕಾಲಿನ ಬಲವೆಲ್ಲ ಅದನ್ನು ಅಮುಕುವುದರಲ್ಲೇ ಮುಗಿಯುತ್ತದೆ.

• ಏರ್ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡು, ನೆಲದವರೆಗೆ ಹೋಗದಿರಲಿ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ದಿನನಿತ್ಯ ಪಿಸ್ಟನ್ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೆಡಲನ್ನು ಪೂರಾ ತುಳಿದರೆ ರಬ್ಬರ್ ಅಲ್ಲಿಗೆ ಹೋಗಿ ಹರಿಯುತ್ತದೆ. ಪ್ಯಾಡ್ ಹಾಕಲು ಬಂದ ಗಾಡಿಗೆ ಮಾಸ್ಟರ್ ಸಿಲಿಂಡರ್ ಖರ್ಚು ಬೀಳುವುದು ಎಷ್ಟೋ ಸಲ ಹೀಗೆಯೇ.

• ಹೊಸ ಮಾಸ್ಟರ್ ಸಿಲಿಂಡರ್ ಹಾಕುವುದಾದರೆ ಗಾಡಿಗೆ ಕೂರಿಸುವ ಮೊದಲೇ ವೈಸಿನಲ್ಲಿ ಹಿಡಿದು, ಆಯಿಲ್ ತುಂಬಿ, ಅದರೊಳಗಿನ ಗಾಳಿ ತೆಗೆ.

• ನಿಪ್ಪಲ್ ಮೇಲೆ ತೋಳ್ಬಲ ತೋರಿಸಬೇಡ. ಮುರಿದರೆ ಕ್ಯಾಲಿಪರೇ ಹೋದಂತೆ.

• ಹೋಸ್ ಪೈಪ್ ಬಿಚ್ಚಿದ್ದರೆ ಅದರ ಬೋಲ್ಟಿನ ಎರಡೂ ಕಡೆಯ ತಾಮ್ರದ ವಾಷರ್ ಹೊಸವು ಹಾಕು. ಹಳೆಯ ವಾಷರ್ ಒಮ್ಮೆ ಚಪ್ಪಟೆಯಾದದ್ದು ಮತ್ತೆ ಮುಚ್ಚುವುದಿಲ್ಲ. ಪೈಪ್ ತಿರುಚಿಕೊಂಡಿದೆಯೇ, ಬಿರುಕು ಬಿಟ್ಟಿದೆಯೇ ನೋಡು. ಒಬ್ಬರು ಪೆಡಲ್ ಒತ್ತಿದಾಗ ನೀನು ಪೈಪನ್ನು ಕೈಯಲ್ಲಿ ಹಿಡಿದಿರು. ಬಲೂನಿನಂತೆ ಉಬ್ಬಿದರೆ ಅದೇ ಕಳ್ಳ. ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುವ ಊರು, ಇಲ್ಲಿ ರಬ್ಬರಿಗೆ ಆಯುಸ್ಸು ಕಡಿಮೆ.

• ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್, ಗುಣದಲ್ಲಿ ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರಿಕೊಳ್ಳುತ್ತವೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಕಟ್ಟಳೆ. ಅದೇ ದ್ರವ ನೂರಕ್ಕೆ 3.7 ಪಾಲು ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಸಂಡೂರಿನ ಕುಮಾರಸ್ವಾಮಿ ಬೆಟ್ಟದಿಂದ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟು ಬಂದರೆ, ಹಳೆಯ ಆಯಿಲ್ ಒಳಗೇ ಕುದಿದು ಹಬೆಯಾಗುತ್ತದೆ. ಹಬೆಯೂ ಗಾಳಿಯಂತೆ ಕುಗ್ಗುತ್ತದೆ, ಪೆಡಲ್ ಮಾಯ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಬಿಸಿಯಲ್ಲಿ ಮೆತ್ತಗೆ, ತಣ್ಣಗಾದಾಗ ಗಟ್ಟಿ ಎಂದು ಯಾರಾದರೂ ಹೇಳಿದರೆ ಮೊದಲು ಆಯಿಲ್ ಬದಲಾಯಿಸು. ಎರಡು ವರ್ಷಕ್ಕೊಮ್ಮೆ ಪೂರಾ ಬದಲಾಯಿಸುವುದು ಒಳ್ಳೆಯದು. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಇಂಜಿನ್ನಿನ ಹಿಡಿತದಲ್ಲಿ ಇಳಿ.

ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದನ್ನೇ ಹಾಕು. ಸೀಲ್ ಇರುವ ಬಾಟಲಿ ಕೊಳ್ಳು, ಲೂಸ್ ಆಯಿಲ್ ಬೇಡ. ಹೋದ ವರ್ಷ ಒಡೆದು ಅರ್ಧ ಉಳಿಸಿ ಅಟ್ಟದ ಮೇಲಿಟ್ಟ ಬಾಟಲಿಯನ್ನು ಎಸೆದುಬಿಡು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆ, ಇಲ್ಲವಾದರೆ ಪೇಂಟ್ ಎದ್ದುಬರುತ್ತದೆ.

• ಸೀಮೆಎಣ್ಣೆ, ಪೆಟ್ರೋಲ್, ಇಂಜಿನ್ ಆಯಿಲ್, ಗ್ರೀಸ್ ಇವು ಯಾವುವೂ ಬ್ರೇಕಿನ ಒಳಗಿನ ರಬ್ಬರಿಗೆ ಸೋಕಬಾರದು. ಸೋಕಿದರೆ ರಬ್ಬರ್ ನೆನೆದ ಅವಲಕ್ಕಿಯಂತೆ ಉಬ್ಬುತ್ತದೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ಊದಿಕೊಂಡು ಜಾಗದಲ್ಲಿ ಕೂರದಿದ್ದರೆ, ಯಾರೋ ತಪ್ಪು ಎಣ್ಣೆ ಸುರಿದಿದ್ದಾರೆ ಎಂದು ತಿಳಿ. ಆಗ ಆಯಿಲ್ ಬದಲಾಯಿಸಿದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರದವರೆಗೆ ಎಲ್ಲ ರಬ್ಬರ್, ಎಲ್ಲ ಹೋಸ್ ಪೈಪ್ ಹೊಸತಾಗಬೇಕು. ಇದರಲ್ಲಿ ಚೌಕಾಸಿ ಮಾಡುವವರ ಗಾಡಿಗೆ ನಾನು ಕೈ ಹಚ್ಚುತ್ತಿರಲಿಲ್ಲ.

• ತೋರಣಗಲ್ಲು, ಸಂಡೂರು ಕಡೆ ಓಡಾಡುವ ಗಾಡಿಗಳಿಗೆ ಅದಿರಿನ ಕೆಂಪು ಧೂಳು, ಸಿರುಗುಪ್ಪ ಕಡೆಯವಕ್ಕೆ ಗದ್ದೆಯ ಕೆಸರು. ಎರಡೂ ಕ್ಯಾಲಿಪರ್ ಜಾರುವ ಪಿನ್ನಿನ ಬೂಟ್ ಹರಿದಲ್ಲಿ ಒಳಗೆ ನುಗ್ಗಿ ಪಿನ್ ಹಿಡಿದುಬಿಡುತ್ತವೆ. ಆಗ ಒಂದೇ ಪ್ಯಾಡ್ ಒತ್ತುತ್ತದೆ, ಡಿಸ್ಕ್ ಬಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಪಿನ್ನಿಗೆ ಸಿಲಿಕೋನ್ ಗ್ರೀಸೇ ಹಚ್ಚು.

• ನೆಟ್ಟಗಿನ ರಸ್ತೆಯಲ್ಲಿ ಸರಿ, ಗುಂಡಿ ಹಾರಿದ ಮೇಲೋ ತಿರುವಿನ ಮೇಲೋ ಮೊದಲ ಒತ್ತು ಮಾತ್ರ ಕೆಳಗೆ ಹೋದರೆ ವೀಲ್ ಬೇರಿಂಗ್ ಅಲುಗಾಡಿಸಿ ನೋಡು. ಡಿಸ್ಕ್ ಅತ್ತಿತ್ತ ಬಡಿದು ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ.

• 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅಂಥ ಗಾಡಿಯಲ್ಲಿ ಡಬ್ಬಿ ಬರಿದಾಗಿ ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಸೇರಿದ್ದರೆ, ಕೈಯಿಂದ ತೆಗೆದದ್ದು ಹಲವು ಸಲ ಸಾಲುವುದಿಲ್ಲ. ಸ್ಕ್ಯಾನರ್ ಜೋಡಿಸಿ ಒಳಗಿನ ಪಂಪು ಓಡಿಸಬೇಕು. ಅದು ಇರುವ ವರ್ಕ್‌ಶಾಪಿಗೆ ಗಾಡಿಯನ್ನು ಓಡಿಸಿಕೊಂಡು ಹೋಗಬೇಡ, ಎಳೆಸಿಕೊಂಡು ಹೋಗು. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡ, ಬೇಕಾದರೆ ನಾನು ಕೊಡುತ್ತೇನೆ.

• ಜಾಕಿಯೊಂದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡ. ಇಟ್ಟಿಗೆ, ಸೈಜುಗಲ್ಲು ಇಡುವುದೂ ಬೇಡ, ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ನಾಳೆಗಿರಲಿ.

• ಇನ್ನು ಎಂದಾದರೂ ರಸ್ತೆಯಲ್ಲೇ ಪೆಡಲ್ ನೆಲಕ್ಕೆ ಹೋದರೆ ಏನು ಮಾಡಬೇಕು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೋ. ಬೇಗ ಬೇಗ ಪಂಪ್ ಮಾಡು, ಸ್ವಲ್ಪವಾದರೂ ಸಿಗುತ್ತದೆ. ಗೇರನ್ನು ಒಂದೊಂದೇ ಇಳಿಸು. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಜಗ್ಗದೆ, ಗುಂಡಿ ಅದುಮಿಕೊಂಡೇ ಹಂತಹಂತವಾಗಿ ಎಳೆ. ಹಾರ್ನ್ ಬಾರಿಸುತ್ತ, ಲೈಟ್ ಹಾಕಿ ಎಡಕ್ಕೆ ಬಾ. ಇಂಜಿನ್ ಆರಿಸಬೇಡ, ಆರಿಸಿದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬೂಸ್ಟರಿನ ಬಲವೂ ಹೋಗುತ್ತದೆ.

• ನಾನು ಬರೆದದ್ದನ್ನೆಲ್ಲ ಮಾಡಿ ನೋಡಿದ ಮೇಲೂ ಪೆಡಲ್ ಗಟ್ಟಿಯಾಗದಿದ್ದರೆ ನಿಲ್ಲಿಸು, ನನಗೆ ಫೋನ್ ಮಾಡು. ಬೆಳಗಿನ ಬಸ್ಸಿಗೆ ಕುರುಗೋಡಿಗೆ ನಾನೇ ಬರುತ್ತೇನೆ. ಕಣ್ಣು ಮೊದಲಿನಂತಿಲ್ಲ, ಆದರೆ ಪೆಡಲ್ ನೋಡುವುದು ಕಾಲಿನಿಂದ.

• ಗಟ್ಟಿಯಾಯಿತು ಅಂತಿಟ್ಟುಕೋ. ಇಂಜಿನ್ ಚಾಲೂ ಮಾಡಿ ಒಂದು ನಿಮಿಷ ಬಲವಾಗಿ ಒತ್ತಿ ಹಿಡಿ, ಇಳಿಯಬಾರದು. ಇಳಿದು ನಾಲ್ಕೂ ಚಕ್ರದ ಒಳಮೈ ಕೈಯಿಂದ ಮುಟ್ಟಿ ನೋಡು, ಒದ್ದೆ ಇರಬಾರದು. ಡಬ್ಬಿಯ ಮಟ್ಟಕ್ಕೆ ಗುರುತು ಹಾಕು. ಅಂಗಳದಲ್ಲೇ ನಡೆಯುವ ವೇಗದಲ್ಲಿ ಹತ್ತು ಸಲ ನಿಲ್ಲಿಸು. ಆಮೇಲೆ ಖಾಲಿ ರಸ್ತೆಯಲ್ಲಿ ಇಪ್ಪತ್ತು, ಮೂವತ್ತರ ವೇಗ. ದೊಡ್ಡಬಸವೇಶ್ವರನ ಗುಡಿ ಕಡೆ ಜನ ಇರುತ್ತಾರೆ, ಆ ದಿಕ್ಕಿಗೆ ಬೇಡ. ಮನೆಗೆ ಬಂದು ಗುರುತು ಮತ್ತೆ ನೋಡು. ಆ ಮೊದಲ ಓಡಾಟಕ್ಕೆ ಒಬ್ಬನೇ ಹೋಗು ಅಳಿಯಾ, ಮಕ್ಕಳು ಎಷ್ಟು ಅತ್ತರೂ ಗಾಡಿಯಲ್ಲಿ ಕೂರಿಸಬೇಡ.